ಮಿದುಳಿನ ಕ್ಯಾನ್ಸರಿಗೆ ಲಸಿಕೆ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ದಂಪತಿಗಳಿಗಾಗಿ ಸರ್ಕಾರಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರವೆಂದು ಅನೇಕರು ಭಾವಿಸಿದ್ದಾರೆ. ಆದರೆ ಮನೆಯ ಯಜಮಾನನಿಗಾಗಲಿ ಗೃಹಿಣಿಗಾಗಲಿ ಕಠಿಣವಾದ ಕಾಯಿಲೆ ಬಂದಾಗ ಆ ಮನೆಯು ದಾರಿ ತಪ್ಪದಂತೆ, ಸಾಲದಲ್ಲಿ ಮುಳುಗದಂತೆ ನೋಡಿಕೊಳ್ಳುವುದೂ ಕುಟುಂಬ ಕಲ್ಯಾಣವೇ ಆಗಿದೆ. ಆದುದರಿಂದ ಇಂದು ಮಿದುಳಿನ ಕ್ಯಾನ್ಸರ್ ಮತ್ತು ಅದಕ್ಕಾಗಿ ಸಿದ್ಧವಾಗುತ್ತಿರುವ ಲಸಿಕೆಯ ವಿಷಯವನ್ನು ನಿಮ್ಮ ಮುಂದಿಡುತ್ತೇನೆ.

"ಮಿದುಳಿನ ಕ್ಯಾನ್ಸರಿಗೆ ಲಸಿಕೆ ಬಂದಿದೆಯಂತೆ, ಇನ್ನು ಆಪರೇಷನ್ ಬೇಡವಂತೆ, ಕರೆಂಟು ಕೊಡಿಸುವುದೂ ಬೇಡವಂತೆ" ಎಂಬ ಮಾತು ಈಗ ಮೊಬೈಲಿನ ಮೂಲಕ ಹಳ್ಳಿಹಳ್ಳಿಗೂ ಬರುತ್ತಿದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅರ್ಧ ಸತ್ಯವು ಪೂರ್ಣ ಸುಳ್ಳಿಗಿಂತ ಹೆಚ್ಚು ಹಾನಿ ಮಾಡಬಲ್ಲದು. ಇಂತಹ ಲಸಿಕೆಯ ಸಂಶೋಧನೆ ನಡೆದಿರುವುದು ನಿಜ. ಆದರೆ ಅದು ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಮತ್ತು ಔಷಧಗಳ ಜೊತೆಗಾರನೇ ಹೊರತು ಅವುಗಳಿಗೆ ಬದಲಿಯಲ್ಲ. ಇದೊಂದು ಮಾತನ್ನು ನೀವು ಮನೆಗೆ ಕೊಂಡೊಯ್ದರೆ ನನ್ನ ಶ್ರಮ ಸಾರ್ಥಕ.

ಎರಡು ಬಗೆಯ ಲಸಿಕೆಗಳು

ಲಸಿಕೆ ಎಂದೊಡನೆ ನಮಗೆ ನೆನಪಾಗುವುದು ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಕಿಸುವ ಚುಚ್ಚುಮದ್ದು ಮತ್ತು ಪೋಲಿಯೋ ಹನಿ. ಇವು ಕಾಯಿಲೆ ಬರುವ ಮೊದಲೇ ಕೊಡುವಂತಹವು. ಮಗು ಹುಟ್ಟಿದೊಡನೆ ಕೊಡುವ ಹೆಪಟೈಟಿಸ್-ಬಿ ಲಸಿಕೆಯು ಮುಂದೆ ಬರಬಹುದಾದ ಯಕೃತ್ತಿನ ಕ್ಯಾನ್ಸರನ್ನು ತಡೆಯಲು ನೆರವಾಗುತ್ತದೆ. ಹೆಣ್ಣುಮಕ್ಕಳಿಗೆ ಕೊಡುವ ಎಚ್.ಪಿ.ವಿ. ಲಸಿಕೆಯು ಗರ್ಭಕಂಠದ ಕ್ಯಾನ್ಸರನ್ನು ತಡೆಯುತ್ತದೆ.

ನಾನು ಹೇಳಹೊರಟಿರುವುದು ಎರಡನೆಯ ಬಗೆಯದು. ಇದನ್ನು ಕಾಯಿಲೆ ಬಂದ ಮೇಲೆ, ಕಾಯಿಲೆ ಬಂದವರಿಗೆ ಮಾತ್ರ ಕೊಡಲಾಗುತ್ತದೆ. ಮಿದುಳಿನ ಕ್ಯಾನ್ಸರ್ ಬಾರದಂತೆ ಮುಂಚೆಯೇ ತಡೆಯುವ ಲಸಿಕೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಹಾಗೆಂದು ಯಾರಾದರೂ ಮಾರಲು ಬಂದರೆ ಅದು ಮೋಸವೆಂದು ತಿಳಿಯಿರಿ.

ಈ ರೋಗವು ಎಂತಹುದು?

ಮಿದುಳಿನಲ್ಲಿ ಹುಟ್ಟುವ ಗಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ. ಪೂರ್ಣವಾಗಿ ಗುಣವಾಗುವ ಗಡ್ಡೆಗಳೂ ಹಲವು ಇವೆ. ಆದರೆ ಗ್ಲಯೋಬ್ಲಾಸ್ಟೋಮಾ ಎಂಬುದು ಬಹು ಉಗ್ರವಾದದ್ದು. ಇದು ಸಾಮಾನ್ಯವಾಗಿ ನಡುವಯಸ್ಸು ದಾಟಿದವರಲ್ಲಿ ಕಾಣಿಸಿಕೊಳ್ಳುತ್ತದೆ, ಕಿರಿಯರಲ್ಲಿಯೂ ಬರಬಹುದು.

ಎರೆಹೊಲದಲ್ಲಿ ಗರಿಕೆಯ ಕಾಟ ಅನುಭವಿಸಿದ ರೈತರಿಗೆ ಈ ಗಡ್ಡೆಯ ಸ್ವಭಾವವನ್ನು ವಿವರಿಸುವುದು ಸುಲಭ. ಮೇಲಿನ ಹುಲ್ಲನ್ನೆಲ್ಲ ಕಿತ್ತು ಬದುವಿಗೆ ಹಾಕಿದರೂ ಮಣ್ಣಿನೊಳಗೆ ಉಳಿದ ಬೇರಿನ ತುಣುಕು ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಅಂತೆಯೇ ಶಸ್ತ್ರಚಿಕಿತ್ಸಕರು ಗಡ್ಡೆಯನ್ನು ಎಷ್ಟು ಜಾಗರೂಕತೆಯಿಂದ ತೆಗೆದರೂ ಅದರ ಸೂಕ್ಷ್ಮ ಎಳೆಗಳು ಮಿದುಳಿನ ಆರೋಗ್ಯವಂತ ಭಾಗದೊಳಗೆ ಹಬ್ಬಿರುತ್ತವೆ. ಹೊಲವನ್ನಾದರೆ ಆಳವಾಗಿ ಅಗೆಯಬಹುದು; ಮಾತು, ಕೈಕಾಲು, ದೃಷ್ಟಿಗಳನ್ನು ನಡೆಸುವ ಮಿದುಳನ್ನು ಹಾಗೆ ಅಗೆಯಲಾಗದು. ಆದುದರಿಂದಲೇ ಒಂದು ಚಿಕಿತ್ಸೆಯಿಂದ ಈ ರೋಗವು ಹೋಗುವುದಿಲ್ಲ.

ಈ ಕಾಯಿಲೆ ಅಂಟುರೋಗವಲ್ಲ. ರೋಗಿಯೊಡನೆ ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಬರುವುದಿಲ್ಲ. ಬಹುಪಾಲು ರೋಗಿಗಳಲ್ಲಿ ಇದು ವಂಶಪಾರಂಪರ್ಯವಾದುದೂ ಅಲ್ಲ. ಯಾರ ಪಾಪದ ಫಲವೂ ಅಲ್ಲ, ಮಾಟಮಂತ್ರವೂ ಅಲ್ಲ. ಆದ್ದರಿಂದ ಆ ಮನೆಯ ಮಕ್ಕಳಿಗೆ ಸಂಬಂಧ ಬೆಳೆಸಲು ಹಿಂಜರಿಯಬೇಕಾದ ಕಾರಣವಿಲ್ಲ.

ಯಾವ ಲಕ್ಷಣಗಳನ್ನು ಅಲಕ್ಷಿಸಬಾರದು?

1. ದಿನದಿಂದ ದಿನಕ್ಕೆ ಹೆಚ್ಚುತ್ತ ಹೋಗುವ ತಲೆನೋವು. ಅದರಲ್ಲಿಯೂ ಬೆಳಗಿನ ಜಾವ ಹೆಚ್ಚಾಗಿ, ವಾಂತಿಯೊಡನೆ ಬರುವ ತಲೆನೋವು.

2. ಹಿಂದೆ ಎಂದೂ ಮೂರ್ಛೆ ಬಾರದಿದ್ದ ವಯಸ್ಕರಿಗೆ ಮೊದಲ ಬಾರಿಗೆ ಫಿಟ್ಸ್ ಬರುವುದು.

3. ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು.

4. ಶಾಂತ ಸ್ವಭಾವದವರು ಕಾರಣವಿಲ್ಲದೆ ಸಿಡುಕುವುದು, ಲೆಕ್ಕ ಮರೆಯುವುದು, ತಿಳಿದ ದಾರಿಯಲ್ಲಿಯೇ ಗೊಂದಲಗೊಳ್ಳುವುದು. ಇದನ್ನು ಮೊದಲು ಗುರುತಿಸುವವರು ಹೆಂಡತಿ ಅಥವಾ ಗಂಡನೇ ಆಗಿರುತ್ತಾರೆ.

ತಲೆನೋವೆಲ್ಲ ಗಡ್ಡೆಯಲ್ಲ, ಹೆದರಬೇಡಿ. ಫಿಟ್ಸ್ ಬಂದವರಲ್ಲಿಯೂ ನಮ್ಮ ದೇಶದಲ್ಲಿ ಅನೇಕರಿಗೆ ಲಾಡಿಹುಳುವಿನ ಮರಿಯಿಂದ ಅಥವಾ ಕ್ಷಯದಿಂದ ಮಿದುಳಿನಲ್ಲಿ ಉಂಟಾದ ಗಂಟುಗಳು ಕಾರಣವಾಗಿದ್ದು, ಅವು ಔಷಧದಿಂದ ಗುಣವಾಗುತ್ತವೆ. ಯಾವುದು ಏನೆಂಬುದನ್ನು ಸ್ಕ್ಯಾನಿಂಗ್ ಹೇಳಬಲ್ಲದೇ ಹೊರತು ಅಂತ್ರ ತಾಯಿತಗಳು ಹೇಳಲಾರವು.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಅಥವಾ ಉಳ್ಳಾಗಡ್ಡಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು, ನೀರು ಹಾಕುವುದು, ಇವಾವುದನ್ನೂ ಮಾಡಕೂಡದು. ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಬಟ್ಟೆ ಸಡಿಲಿಸಿ, ಸುತ್ತಲಿನ ಜನರನ್ನು ದೂರ ಸರಿಸಿರಿ. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿರಿ.

ಇಂದು ದೊರೆಯುವ ಚಿಕಿತ್ಸೆ

ಮೊದಲನೆಯದು ಶಸ್ತ್ರಚಿಕಿತ್ಸೆ. ಗಡ್ಡೆಯನ್ನು ಸಾಧ್ಯವಾದಷ್ಟು ತೆಗೆದು, ಅದರ ತುಣುಕನ್ನು ಪರೀಕ್ಷಿಸಿ ರೋಗದ ಜಾತಿಯನ್ನು ನಿರ್ಧರಿಸುತ್ತಾರೆ. ಎರಡನೆಯದು ಸುಮಾರು ಆರು ವಾರಗಳ ವಿಕಿರಣ ಚಿಕಿತ್ಸೆ. ಇದನ್ನೇ ನಮ್ಮ ಜನ ಕರೆಂಟು ಕೊಡುವುದು ಎನ್ನುತ್ತಾರೆ. ಮೂರನೆಯದು ಟೆಮೊಜೊಲೊಮೈಡ್ ಎಂಬ ಔಷಧ. ಇದು ಬಾಯಿಯಿಂದ ನುಂಗುವ ಕ್ಯಾಪ್ಸೂಲು. ವಿಕಿರಣ ನಡೆಯುವಾಗ ಪ್ರತಿದಿನವೂ, ಅನಂತರ 28 ದಿನಗಳಿಗೊಮ್ಮೆ ಐದು ದಿನಗಳಂತೆ ಸಾಮಾನ್ಯವಾಗಿ ಆರು ಸುತ್ತೂ ಇದನ್ನು ಕೊಡುತ್ತಾರೆ. ಇದು ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ.

ಈ ಕ್ರಮವು ಹೇಗೆ ಬಂದಿತೆಂಬುದನ್ನು ತಿಳಿಯುವುದು ಉಪಯುಕ್ತ. 573 ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ವಿಕಿರಣ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನ 12.1 ತಿಂಗಳಿಗಿಂತ ಹೆಚ್ಚು ಕಾಲ ಬದುಕಿದರೆ, ಜೊತೆಗೆ ಈ ಕ್ಯಾಪ್ಸೂಲು ಪಡೆದವರಲ್ಲಿ ಅರ್ಧದಷ್ಟು ಜನ 14.6 ತಿಂಗಳಿಗಿಂತ ಹೆಚ್ಚು ಕಾಲ ಬದುಕಿದರು. ಎರಡು ವರ್ಷ ದಾಟಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 10 ಮಂದಿಯಾದರೆ ಎರಡನೆಯ ಗುಂಪಿನಲ್ಲಿ ನೂರಕ್ಕೆ 26 ಮಂದಿ. ಈ ಅಂಕಿಗಳನ್ನು ಕೇಳಿ ಕೆಲವರಿಗೆ ನಿರಾಶೆಯಾಗಬಹುದು. ಆದರೆ ಮಗಳ ಮದುವೆ ನೋಡಲು, ಹೊಲದ ಕಾಗದಪತ್ರ ಸರಿಪಡಿಸಲು, ಮಕ್ಕಳ ಓದು ಒಂದು ಹಂತಕ್ಕೆ ಬರಲು ಎರಡು ವರ್ಷಗಳು ಸಣ್ಣ ಅವಧಿಯಲ್ಲ. ಈ ಕಾಲವನ್ನು ಇನ್ನೂ ವಿಸ್ತರಿಸಬಹುದೇ ಎಂಬ ಹುಡುಕಾಟದಲ್ಲಿಯೇ ಲಸಿಕೆಯ ಯೋಚನೆ ಹುಟ್ಟಿದ್ದು.

ರೋಗಿಯ ಗಡ್ಡೆಯಿಂದಲೇ ರೋಗಿಗೆ ಲಸಿಕೆ

ನಮ್ಮ ರಕ್ತದಲ್ಲಿ ರೋಗವನ್ನು ಎದುರಿಸುವ ಬಿಳಿಯ ಕಣಗಳಿವೆ. ಅವು ಊರಿನ ಪೊಲೀಸರಿದ್ದಂತೆ. ಆದರೆ ಕ್ಯಾನ್ಸರಿನ ಕೋಶವು ನಮ್ಮದೇ ದೇಹದಲ್ಲಿ ಹುಟ್ಟಿದ್ದರಿಂದ ಮನೆಯವನಂತೆಯೇ ವೇಷ ಹಾಕಿರುತ್ತದೆ. ಪೊಲೀಸರು ಅದನ್ನು ಗುರುತಿಸದೆ ಬಿಟ್ಟುಬಿಡುತ್ತಾರೆ. ದೇಹದಲ್ಲಿ ಡೆಂಡ್ರಿಟಿಕ್ ಕೋಶಗಳೆಂಬ ಇನ್ನೊಂದು ಬಗೆಯ ಕಣಗಳಿವೆ. ಇವು ಊರಿನ ತಳವಾರನಂತೆ. ತಾವೇ ಕಳ್ಳನನ್ನು ಹೊಡೆಯುವುದಿಲ್ಲ, "ಇವನೇ ಕಳ್ಳ" ಎಂದು ಗುರುತು ತೋರಿಸುತ್ತವೆ. ಇವುಗಳನ್ನು 1973ರಲ್ಲಿ ಜಗತ್ತಿಗೆ ತಿಳಿಸಿದ ರಾಲ್ಫ್ ಸ್ಟೈನ್‌ಮನ್ ಎಂಬ ವಿಜ್ಞಾನಿಗೆ 2011ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಲಸಿಕೆ ಮಾಡುವ ಕ್ರಮ ಹೀಗಿದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯನ್ನು ಎಸೆಯದೆ ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಅಗತ್ಯವಾದ ಬಿಳಿಯ ಕಣಗಳನ್ನು ಬೇರ್ಪಡಿಸಿ, ಉಳಿದ ರಕ್ತವನ್ನು ಹಿಂದಿರುಗಿಸುತ್ತಾರೆ. ಆ ಕಣಗಳನ್ನು ಪ್ರಯೋಗಶಾಲೆಯಲ್ಲಿ ಕೆಲವು ದಿನ ಬೆಳೆಸಿ ಡೆಂಡ್ರಿಟಿಕ್ ಕೋಶಗಳನ್ನಾಗಿ ಮಾಡಿ, ಗಡ್ಡೆಯ ಸಾರವನ್ನು ಅವುಗಳಿಗೆ ಉಣಿಸುತ್ತಾರೆ. ಹೀಗೆ ಕಳ್ಳನ ಗುರುತು ಕಲಿತ ಕೋಶಗಳನ್ನು ರೋಗಿಯ ತೋಳಿನ ಚರ್ಮದೊಳಗೆ ಚುಚ್ಚುತ್ತಾರೆ. ಒಬ್ಬನ ಲಸಿಕೆ ಇನ್ನೊಬ್ಬನಿಗೆ ಬರುವುದಿಲ್ಲ. ಅಣ್ಣನದು ತಮ್ಮನಿಗೂ ಆಗದು. ಗಡ್ಡೆ ತೆಗೆಯದೆ ಈ ಲಸಿಕೆಯನ್ನು ಮಾಡಲಾಗದು. ಹಾಗಿರುವಾಗ "ಲಸಿಕೆ ಇದೆ, ಆಪರೇಷನ್ ಬೇಡ" ಎಂಬ ಮಾತು ಎಷ್ಟು ತಪ್ಪೆಂಬುದನ್ನು ನೀವೇ ಆಲೋಚಿಸಿರಿ.

ಔಷಧವೂ ಏಕೆ ಬೇಕು?

ಟೆಮೊಜೊಲೊಮೈಡ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಆದರೆ ರಕ್ತದ ಬಿಳಿಯ ಕಣಗಳನ್ನೂ ತಗ್ಗಿಸುತ್ತದೆ. ಪೊಲೀಸರನ್ನೇ ಕಡಿಮೆ ಮಾಡುವ ಔಷಧದೊಡನೆ ಪೊಲೀಸರನ್ನು ನಂಬಿದ ಲಸಿಕೆಯನ್ನು ಕೊಡುವುದು ಸರಿಯೇ ಎಂಬ ಸಂಶಯ ವೈದ್ಯರಿಗೂ ಇತ್ತು.

ಅಮೆರಿಕದ ಲಾಸ್ ಏಂಜಲಿಸ್ ನಗರದ ಸೀಡರ್ಸ್-ಸೈನಾಯ್ ಆಸ್ಪತ್ರೆಯವರು 2004ರಲ್ಲಿ ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. ಲಸಿಕೆ ಮಾತ್ರ ಪಡೆದವರು, ರಾಸಾಯನಿಕ ಔಷಧ ಮಾತ್ರ ಪಡೆದವರು, ಮೊದಲು ಲಸಿಕೆ ಪಡೆದು ಅನಂತರ ಔಷಧ ಪಡೆದವರು, ಹೀಗೆ ಮೂರು ಗುಂಪುಗಳನ್ನು ಹೋಲಿಸಿದಾಗ ಮೂರನೆಯ ಗುಂಪಿನವರೇ ಹೆಚ್ಚು ಕಾಲ ಬದುಕಿದ್ದರು. ಲಸಿಕೆಯ ಪೆಟ್ಟು ತಿಂದ ಗಡ್ಡೆಯು ಔಷಧಕ್ಕೆ ಹೆಚ್ಚು ಮಣಿಯಬಹುದೆಂಬ ಸೂಚನೆ ಇದರಿಂದ ದೊರೆಯಿತು. ಔಷಧದಿಂದ ಸಾಯುವ ಕೋಶಗಳು ಒಡೆದಾಗ ಅವುಗಳ ಗುರುತು ದೇಹಕ್ಕೆ ಇನ್ನಷ್ಟು ಸ್ಪಷ್ಟವಾಗಿ ಸಿಕ್ಕಬಹುದು. ತಗ್ಗಿದ ಬಿಳಿಯ ಕಣಗಳು ಮತ್ತೆ ಹುಟ್ಟುವ ಸಮಯವನ್ನು ನೋಡಿ ಲಸಿಕೆ ಕೊಟ್ಟರೆ ಹೊಸ ಕಣಗಳು ಪಾಠವನ್ನು ಚೆನ್ನಾಗಿ ಕಲಿಯಬಹುದು. ಮಳೆ ನೋಡಿ ಹರಗಿ, ಹದ ನೋಡಿ ಬಿತ್ತುವ ರೈತನಿಗೆ ಸಮಯದ ಮಹತ್ವವನ್ನು ನಾನು ಹೇಳಬೇಕಾಗಿಲ್ಲ. ಆದರೆ ಆ ಅಧ್ಯಯನದಲ್ಲಿದ್ದವರು ಒಟ್ಟು ನಲವತ್ತಕ್ಕಿಂತ ಕಡಿಮೆ. ಅಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು.

ದೊಡ್ಡ ಪರೀಕ್ಷೆಗಳು ಏನು ಹೇಳಿವೆ?

ಅಮೆರಿಕ, ಕೆನಡಾ, ಇಂಗ್ಲೆಂಡ್, ಜರ್ಮನಿ ದೇಶಗಳಲ್ಲಿ 331 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರ ನವೆಂಬರಿನಲ್ಲಿ ಪ್ರಕಟವಾಯಿತು. ಅಲ್ಲಿಯೂ ಶಸ್ತ್ರಚಿಕಿತ್ಸೆ, ವಿಕಿರಣ, ಟೆಮೊಜೊಲೊಮೈಡ್ ಮೂರೂ ನಡೆದವು. ಅವುಗಳ ಜೊತೆಗೆ ಲಸಿಕೆಯನ್ನು ಕೊಡಲಾಯಿತು. ಹೊಸದಾಗಿ ರೋಗ ಬಂದವರಲ್ಲಿ ಅರ್ಧದಷ್ಟು ಜನ ಪರೀಕ್ಷೆಗೆ ಸೇರಿದ ಮೇಲೆ 19.3 ತಿಂಗಳಿಗಿಂತ ಹೆಚ್ಚು ಬದುಕಿದರು. ಹೋಲಿಕೆಯ ಗುಂಪಿನಲ್ಲಿ ಈ ಕಾಲ 16.5 ತಿಂಗಳು. ಐದು ವರ್ಷ ದಾಟಿದವರು ಲಸಿಕೆಯವರಲ್ಲಿ ನೂರಕ್ಕೆ 13, ಹೋಲಿಕೆಯವರಲ್ಲಿ ನೂರಕ್ಕೆ ಸುಮಾರು 6.

ಇದರ ಇತಿಮಿತಿಯನ್ನೂ ಹೇಳಬೇಕು. ರೋಗ ಮರುಕಳಿಸಿದಾಗ ಎಲ್ಲರಿಗೂ ಲಸಿಕೆ ಪಡೆಯಲು ಅವಕಾಶವಿದ್ದುದರಿಂದ ಲಸಿಕೆ ಪಡೆಯದ ಗುಂಪೇ ಬಹುಮಟ್ಟಿಗೆ ಉಳಿಯಲಿಲ್ಲ. ಆದ್ದರಿಂದ ಬೇರೆ ಪರೀಕ್ಷೆಗಳ ರೋಗಿಗಳೊಡನೆ ಹೋಲಿಸಬೇಕಾಯಿತು. ಗಡ್ಡೆ ಮತ್ತೆ ಬೆಳೆಯುವುದನ್ನು ಮುಂದೂಡಬೇಕೆಂಬ ಮೊದಲಿನ ಉದ್ದೇಶವೂ ಈಡೇರಲಿಲ್ಲ. ಆದಕಾರಣ ತಜ್ಞರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯವಿದೆ.

ಇನ್ನೊಂದು ಉದಾಹರಣೆ ಕೇಳಿರಿ. ರಿಂಡೊಪೆಪಿಮಟ್ ಎಂಬ ಲಸಿಕೆಯನ್ನು ಟೆಮೊಜೊಲೊಮೈಡಿನ ಜೊತೆ ಸೇರಿಸಿ 745 ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಇದು ಪ್ರತಿಯೊಬ್ಬರ ಗಡ್ಡೆಯಿಂದ ಮಾಡಿದುದಲ್ಲ, ಗಡ್ಡೆಯ ಒಂದೇ ಗುರುತನ್ನು ಹಿಡಿದು ಮಾಡಿದುದು. ಚಿಕ್ಕ ಪರೀಕ್ಷೆಗಳಲ್ಲಿ ಬಹಳ ಆಸೆ ಹುಟ್ಟಿಸಿದ್ದ ಇದು ದೊಡ್ಡ ಪರೀಕ್ಷೆಯಲ್ಲಿ ಆಯುಷ್ಯವನ್ನು ಹೆಚ್ಚಿಸದ ಕಾರಣ 2016ರಲ್ಲಿ ನಿಲ್ಲಿಸಲ್ಪಟ್ಟಿತು.

ಒಟ್ಟಿನಲ್ಲಿ ಆಸೆಗೆ ಆಧಾರವಿದೆ. ಆದರೆ ಇದು ಸಂಶೋಧನೆಯ ಹಂತದಲ್ಲಿರುವ ವಿಷಯ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ರೋಗಕ್ಕೆ ಕೊಡುವ ನಿತ್ಯದ ಚಿಕಿತ್ಸೆಯಲ್ಲಿ ಈ ಲಸಿಕೆ ಸೇರಿಲ್ಲ. ನಮ್ಮ ರಾಜ್ಯದಲ್ಲಿಯೂ ಈ ಗಡ್ಡೆಯ ಸ್ವಭಾವದ ಅಧ್ಯಯನ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಮ್ಮ ರೋಗಿಗಳು ಒಪ್ಪಿ ಕೊಟ್ಟ ಗಡ್ಡೆಯ ತುಣುಕುಗಳನ್ನೇ ಪರೀಕ್ಷಿಸಿ ಅನೇಕ ವಿಷಯಗಳನ್ನು ಕಂಡುಕೊಂಡಿದ್ದಾರೆ.

ಹಣ ಕೇಳುವವರ ಬಗ್ಗೆ ಎಚ್ಚರ

ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಕೂಡ್ಲಿಗಿ ಕಡೆಯ ನಾಲ್ಕೆಕರೆ ಶೇಂಗಾ ಬೆಳೆಯುವ ರೈತನಿಗೆ ಈ ರೋಗ ಬಂದಿದೆ. ಆಪರೇಷನ್ ಆಗಿದೆ, ವಿಕಿರಣ ಆರಂಭವಾಗಬೇಕಾಗಿದೆ. ಅಷ್ಟರಲ್ಲಿ ಯಾರೋ ಫೋನಿನಲ್ಲಿ, "ಹತ್ತಾರು ಲಕ್ಷ ಕೊಡಿ, ಲಸಿಕೆಯಿಂದ ಪೂರ್ಣ ಗುಣವಾಗುತ್ತದೆ" ಎನ್ನುತ್ತಾರೆ. ಮನೆಯವರು ಎತ್ತು ಮಾರುತ್ತಾರೆ, ಹೊಲ ಬರೆದುಕೊಡುತ್ತಾರೆ, ಹೆಂಡತಿ ಕೊರಳಿನ ಬಂಗಾರ ಬಿಚ್ಚಿಕೊಡುತ್ತಾಳೆ. ಹಣ ಕೂಡಿಸುವುದರಲ್ಲಿ ತಿಂಗಳುಗಳು ಕಳೆದು ಹೋಗುತ್ತವೆ. ನಿಜವಾದ ಚಿಕಿತ್ಸೆ ತಪ್ಪುತ್ತದೆ. ಕೊನೆಗೆ ಆ ತಾಯಿಗೆ ಗಂಡನೂ ಇಲ್ಲ, ಹೊಲವೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಹೀಗಾಗದಂತೆ ನಾಲ್ಕು ಮಾತುಗಳನ್ನು ನೆನಪಿಡಿರಿ.

1. ಪೂರ್ಣ ಗುಣವಾಗುವುದೆಂದು ಭರವಸೆ ಕೊಡುವವರನ್ನು ನಂಬಬೇಡಿರಿ.

2. ನಿಯಮಬದ್ಧವಾದ ಪರೀಕ್ಷೆಯಲ್ಲಿ, ಪರೀಕ್ಷಿಸಲಾಗುವ ಲಸಿಕೆಗಾಗಿ ಸಾಮಾನ್ಯವಾಗಿ ರೋಗಿಯಿಂದ ಬೆಲೆ ಪಡೆಯುವುದಿಲ್ಲ.

3. ನಮ್ಮ ದೇಶದಲ್ಲಿ ಇಂತಹ ಪರೀಕ್ಷೆಗಳನ್ನು 2009ರಿಂದ ಕಡ್ಡಾಯವಾಗಿ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸಬೇಕು. ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅದು ನಿಜವೇ ಎಂದು ನಿಮ್ಮ ವೈದ್ಯಾಧಿಕಾರಿ ನೋಡಿ ಹೇಳಬಲ್ಲರು.

4. ತಿಳಿಯುವ ಭಾಷೆಯಲ್ಲಿ ವಿವರಿಸದೆ ಸಹಿ ಕೇಳಿದರೆ ಹಾಕಬೇಡಿರಿ. ಓದಲು ಬಾರದವರಿಗೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರ ಎದುರಿನಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ಒಪ್ಪಿದ ಮೇಲೆಯೂ ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ರೋಗಿಗಿದೆ.

ಗಂಡಹೆಂಡಿರು ಗಮನಿಸಬೇಕಾದುದು

ಟೆಮೊಜೊಲೊಮೈಡ್ ಗರ್ಭದ ಶಿಶುವಿಗೆ ಅಪಾಯಕಾರಿ. ಔಷಧ ಪಡೆಯುತ್ತಿರುವವರು ಹೆಂಡತಿಯಾದರೆ ಚಿಕಿತ್ಸೆಯ ಕಾಲದಲ್ಲಿಯೂ, ಕೊನೆಯ ಕ್ಯಾಪ್ಸೂಲಿನ ನಂತರ ಆರು ತಿಂಗಳವರೆಗೂ ಗರ್ಭ ಧರಿಸಬಾರದು. ಗಂಡನಾದರೆ ಚಿಕಿತ್ಸೆಯ ಕಾಲದಲ್ಲಿಯೂ, ನಂತರ ಮೂರು ತಿಂಗಳವರೆಗೂ ನಿರೋಧ್ ಬಳಸಬೇಕು. ಎಳೆಯ ಮಗುವಿನ ತಾಯಿ ಈ ಔಷಧ ಪಡೆಯುವಾಗ ಎದೆಹಾಲು ಕೊಡಬಾರದು.

ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಮೊದಲಾದ ಮಾತ್ರೆಗಳು ನುಂಗುವ ಗರ್ಭನಿರೋಧಕ ಮಾತ್ರೆಗಳ ಶಕ್ತಿಯನ್ನು ಕುಂದಿಸುತ್ತವೆ. ಅಂತಹ ತಾಯಂದಿರು ಮಾಲಾ-ಎನ್ ಒಂದನ್ನೇ ನಂಬದೆ ವಂಕಿ ಅಳವಡಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಇನ್ನೂ ಮಕ್ಕಳಾಗದ ದಂಪತಿಗಳು ಚಿಕಿತ್ಸೆ ಆರಂಭವಾಗುವ ಮೊದಲೇ ನಾಚಿಕೆ ಬಿಟ್ಟು ಆ ವಿಷಯವನ್ನು ಪ್ರಸ್ತಾಪಿಸಬೇಕು. ಗಂಡನ ವೀರ್ಯವನ್ನು ಮುಂಚಿತವಾಗಿ ಶೇಖರಿಸಿಡುವ ಸೌಲಭ್ಯ ದೊಡ್ಡ ನಗರಗಳಲ್ಲಿದೆ.

ಕ್ಯಾಪ್ಸೂಲನ್ನು ಬಿಚ್ಚಬಾರದು, ಜಗಿಯಬಾರದು. ಅದು ಒಡೆದಿದ್ದರೆ ಗರ್ಭಿಣಿಯರು ಅದರ ಪುಡಿಯನ್ನು ಮುಟ್ಟಬಾರದು. ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಹೇಳಿದ ದಿನಗಳಲ್ಲಿ ರಕ್ತಪರೀಕ್ಷೆ ತಪ್ಪಿಸಬಾರದು. ಜ್ವರ ಬಂದರೆ, ವಸಡಿನಲ್ಲಿ ರಕ್ತ ಕಂಡರೆ ಆ ದಿನವೇ ಆಸ್ಪತ್ರೆಗೆ ಬರಬೇಕು. ಮಿದುಳಿನ ಬಾವು ಇಳಿಸುವ ಸ್ಟೀರಾಯ್ಡ್ ಮಾತ್ರೆಯನ್ನು ತಾನಾಗಿ ನಿಲ್ಲಿಸುವುದು ಅಪಾಯ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ, ಮುಂದೆ ಬಳ್ಳಾರಿಯ ಅಥವಾ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಬೆಂಗಳೂರಿನಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ನಿಮ್ಹಾನ್ಸ್, ವಿಕಿರಣ ಮತ್ತು ಔಷಧ ಚಿಕಿತ್ಸೆಗೆ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಗಂಥಿ ಸಂಸ್ಥೆ ಇವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವು ಇದೆ. ಇತರರಿಗೆ ನಿಗದಿತ ವೆಚ್ಚದ ನೂರಕ್ಕೆ 30 ಭಾಗವನ್ನು ಸರ್ಕಾರ ಭರಿಸುತ್ತದೆ. ಹೊರಡುವಾಗ ಪಡಿತರ ಚೀಟಿ, ಆಧಾರ್, ಹಳೆಯ ಸ್ಕ್ಯಾನಿಂಗ್ ಮತ್ತು ವೈದ್ಯರ ಚೀಟಿಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳಿರಿ. ಸಂಶಯವಿದ್ದರೆ 104ಕ್ಕೆ ಕರೆ ಮಾಡಿ ಕೇಳಬಹುದು.

ಮಾನ್ಯರೇ, ಒಂದು ಕಾಲದಲ್ಲಿ ಸಿಡುಬಿನ ಹೆಸರು ಕೇಳಿದರೆ ಹಳ್ಳಿಗಳು ನಡುಗುತ್ತಿದ್ದವು. ಲಸಿಕೆಯಿಂದ ಅದು ನಿರ್ಮೂಲವಾಯಿತೆಂದು 1980ರಲ್ಲಿ ಜಗತ್ತಿಗೆ ಸಾರಲಾಯಿತು. ಅದಕ್ಕೆ ತಾಳ್ಮೆಯೂ, ಸತ್ಯವಾದ ಪರೀಕ್ಷೆಗಳೂ, ಜನರ ಸಹಕಾರವೂ ಬೇಕಾದವು. ಮಿದುಳಿನ ಕ್ಯಾನ್ಸರಿನ ಲಸಿಕೆಗೂ ಅವೇ ಬೇಕು. ಅದು ಸಿದ್ಧವಾಗುವ ದಿನದವರೆಗೆ ಕೈಯಲ್ಲಿರುವ ಚಿಕಿತ್ಸೆಯನ್ನು ಬಿಡಬೇಡಿರಿ. ಅದು ಬಂದ ದಿನವೂ ಈ ಚಿಕಿತ್ಸೆಯ ಜೊತೆಯಲ್ಲಿಯೇ ಬರುತ್ತದೆ. ಲಕ್ಷಣ ಕಂಡಾಗ ತಡಮಾಡದೆ ಬನ್ನಿರಿ, ಗಂಡಹೆಂಡಿರಿಬ್ಬರೂ ಕೂಡಿ ಬನ್ನಿರಿ, ತಿಳಿಯದ್ದನ್ನು ಕೇಳಿರಿ.